ಅಕ್ಕನ ಖಾತೆ ಇನ್ನೂ ತೆರೆದಿದೆ

ಸೆಪ್ಟೆಂಬರ್ 2, ಬುಧವಾರ

ಅಮ್ಮ ಏನು ಹೇಳುತ್ತಾಳೆ, ಏನು ಮಾಡುತ್ತಾಳೆ ಎಂಬುದನ್ನು ಬರೆದಿಡಿ ಎಂದು ಡಾಕ್ಟರು ಹೇಳಿದ್ದಾರೆ. ಬಾಯಿಮಾತಿನ ವರದಿ ಬೇಡವಂತೆ. ಸರಿ, ಬರೆಯುತ್ತೇನೆ. ಬೇರೆಯವರ ಓಡಾಟ ದಾಖಲಿಸುವುದೇ ಕಚೇರಿಯಲ್ಲಿ ನನ್ನ ಕೆಲಸ; ಇದನ್ನೂ ಹಾಗೆಯೇ ಮಾಡಿದರಾಯಿತು.

ಇವತ್ತಿನದು: ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಅಮ್ಮ, "ನಿಮ್ಮಕ್ಕ ಫೋನ್ ಮಾಡಿದ್ಲು" ಎಂದಳು.

ಅಕ್ಕ ತೀರಿಕೊಂಡದ್ದು ಕಳೆದ ಡಿಸೆಂಬರಿನಲ್ಲಿ. ಆಸ್ಪತ್ರೆಯಲ್ಲಿ ಹಾಸಿಗೆಯ ಒಂದು ಪಕ್ಕ ಅಮ್ಮ, ಇನ್ನೊಂದು ಪಕ್ಕ ನಾನು ಕೂತಿದ್ದೆವು. ಅದನ್ನು ಮೆಲ್ಲಗೆ ನೆನಪು ಮಾಡಿಕೊಟ್ಟೆ. ಅಮ್ಮನಿಗೆ ಸಿಟ್ಟು ಬಂತು.

"ಸತ್ತಿದ್ದು ನನಗೆ ಗೊತ್ತಿಲ್ವೇನೋ? ಬದುಕಿದ್ದಾಳೆ ಅಂದ್ನಾ ನಾನು? ಫೋನ್ ಮಾಡಿದ್ಲು ಅಂದೆ, ಅಷ್ಟೆ."

ಆಗಸ್ಟ್ ತಿಂಗಳಿಂದ ಆಗಾಗ ಈ ಮಾತು ಬರುತ್ತಿದೆ. ಮಾವನ ಅಭಿಪ್ರಾಯ ಸ್ಪಷ್ಟವಾಗಿದೆ. ಅವರು ಅಮ್ಮನ ತಮ್ಮ. ಅವರಿಗೆ ಎಲ್ಲದರಲ್ಲೂ ಅಭಿಪ್ರಾಯ ಸ್ಪಷ್ಟ. ಹಗಲೆಲ್ಲ ಒಬ್ಬಳೇ ಇರುವ ಮುದುಕಿ ಸತ್ತವರ ಜೊತೆ ಮಾತಾಡಲು ಶುರು ಮಾಡಿದರೆ ನಾಳೆ ಗ್ಯಾಸ್ ಹಚ್ಚಿಟ್ಟು ಮರೆಯುತ್ತಾಳೆ, ವೃದ್ಧರ ಆರೈಕೆ ಕೇಂದ್ರಕ್ಕೆ ಸೇರಿಸು ಎನ್ನುತ್ತಾರೆ. ಅಲ್ಲಿ ಒಂದು ಕೋಣೆ ಸದ್ಯದಲ್ಲೇ ಖಾಲಿಯಾಗಲಿದೆಯಂತೆ. ಅವರು ಹೇಳುವುದರಲ್ಲಿ ತಪ್ಪಿಲ್ಲ. ನನಗೂ ಕೆಲಸದ ಒತ್ತಡ ಇದೆ.

ಸೆಪ್ಟೆಂಬರ್ 4, ಶುಕ್ರವಾರ

ಅಮ್ಮ: ವಿಶೇಷವಿಲ್ಲ.

ಕಚೇರಿಯ ವಿಷಯ ಇಲ್ಲಿ ಬರೆಯಬೇಕಾಗಿಲ್ಲ. ಆದರೂ ಪುಟ ಖಾಲಿ ಇದೆ.

ನಮ್ಮ ಕಂಪನಿ ಗಾಲಿಕುರ್ಚಿ, ಆಸ್ಪತ್ರೆ ಮಂಚ, ಆಮ್ಲಜನಕದ ಯಂತ್ರಗಳನ್ನು ಮನೆಗಳಿಗೆ ಬಾಡಿಗೆಗೆ ಕೊಡುತ್ತದೆ. ನೌಕರರ ಬಳಕೆದಾರ ಖಾತೆಗಳ ಉಸ್ತುವಾರಿ ನನ್ನದು. ಇಷ್ಟು ವರ್ಷ ಪ್ರತಿಯೊಬ್ಬರಿಗೂ ರಜೆ ಅರ್ಜಿಗೊಂದು ಪಾಸ್‌ವರ್ಡ್, ಗೋದಾಮಿನ ಲೆಕ್ಕಕ್ಕೊಂದು, ಗ್ರಾಹಕರ ಕರೆಗೊಂದು. ಮರೆತವರೆಲ್ಲ ತಲೆ ಕೆರೆದುಕೊಳ್ಳುತ್ತ ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದರು. ಈಗ ಸಿಂಗಲ್ ಸೈನ್ ಆನ್ ಬರುತ್ತಿದೆ. ಬೆಳಿಗ್ಗೆ ಒಮ್ಮೆ ಲಾಗಿನ್ ಆದರೆ ಸಾಕು, ಎಲ್ಲ ಬಾಗಿಲೂ ತೆರೆಯುತ್ತವೆ. ಗ್ರಾಹಕ ಸೇವೆಯವರನ್ನು ಪ್ರಯೋಗಕ್ಕೆಂದು ಜೂನ್‌ನಲ್ಲೇ ಸೇರಿಸಿದ್ದೇವೆ. ಉಳಿದ ಎಲ್ಲರೂ ಅಕ್ಟೋಬರ್ 5ಕ್ಕೆ. ನಮ್ಮ ಮ್ಯಾನೇಜರ್ "ನಮಸ್ಕಾರ"ದ ಬದಲು "ಐದನೇ ತಾರೀಕು" ಎನ್ನುತ್ತಾರೆ. ಹಿಂದಿನಿಂದ ಅವರನ್ನು ಗಡುವು ಸಾಹೇಬರು ಎಂದು ಕರೆಯುತ್ತೇವೆ.

ಅದಕ್ಕೂ ಮೊದಲು ಪ್ರತಿ ಹಳೆಯ ಖಾತೆಯನ್ನೂ ಒಬ್ಬ ಬದುಕಿರುವ, ಸಂಬಳ ಪಡೆಯುವ ಮನುಷ್ಯನಿಗೆ ಜೋಡಿಸಬೇಕು. ಜೋಡಿ ಸಿಗದ ಖಾತೆಗೆ ನಮ್ಮಲ್ಲಿ 'ಅನಾಥ' ಎನ್ನುತ್ತಾರೆ. ಅನಾಥವನ್ನು ಮುಚ್ಚಬೇಕು. ನಿಯಮ ಸರಳ: ಒಬ್ಬರಿಗೆ ಒಂದೇ ಖಾತೆ, ಮನುಷ್ಯ ಇಲ್ಲ ಅಂದಮೇಲೆ ಖಾತೆಯೂ ಇಲ್ಲ. ಬರೆದವನು ನಾನೇ.

ಅಕ್ಕ ಇದ್ದದ್ದು ಗ್ರಾಹಕ ಸೇವೆಯಲ್ಲಿ. ನನ್ನನ್ನು ಇಲ್ಲಿಗೆ ಸೇರಿಸಿದವಳೂ ಅವಳೇ. ಆ ವಿಭಾಗ ಇರುವುದು ರಸ್ತೆಯಾಚೆಯ ಕಟ್ಟಡದಲ್ಲಿ. ಡಿಸೆಂಬರ್ ಆದಮೇಲೆ ನಾನು ಆ ಕಡೆ ಕಾಲಿಟ್ಟಿಲ್ಲ, ಕೆಲಸ ಬಿದ್ದಿಲ್ಲ.

ಸೆಪ್ಟೆಂಬರ್ 9, ಬುಧವಾರ

ಮತ್ತೆ ಅದೇ. ಬೆಳಿಗ್ಗೆ ನಾನು ಹೊರಟ ಮೇಲೆ ಅಕ್ಕ ಫೋನ್ ಮಾಡಿದ್ದಳಂತೆ. ಡಾಕ್ಟರು ಹೇಳಿಕೊಟ್ಟಂತೆ ವಾದ ಮಾಡದೆ, ಏನಂದಳು ಎಂದು ಕೇಳಿದೆ. ಮಾತ್ರೆ ನುಂಗಿದ್ದೀರಾ, ನುಂಗಿದ ಮೇಲೆ ಮಲಗಬೇಡಿ, ಸ್ವಲ್ಪ ಹೊತ್ತು ಕೂತಿರಿ ಎಂದಳಂತೆ. ಆಮೇಲೆ ಊಟದ ವಿಷಯ, ಮಂಡಿನೋವಿನ ವಿಷಯ.

"ಮೊದಲಿನ ಹಾಗೆ ರೇಗಲ್ಲ ಈಗ. ನೀವು ತಾವು ಅಂತ ಮಾತಾಡಿಸ್ತಾಳೆ. ಬದುಕಿದ್ದಾಗ ಒಂದು ದಿನ ಕೊಡದ ಮರ್ಯಾದೆ ಸತ್ತ ಮೇಲೆ ಕೊಡ್ತಿದ್ದಾಳೆ ನೋಡು."

ಹೇಳಿ ನಕ್ಕಳು. ನಗು ಮಾಮೂಲಾಗಿಯೇ ಇತ್ತು. ಅದೇ ನನ್ನನ್ನು ಹೆದರಿಸಿತು.

ಯಾವ ಮಾತ್ರೆ ಎಂದು ಕೇಳಿದ್ದಕ್ಕೆ ಕಪಾಟಿನ ಡಬ್ಬಿ ತೋರಿಸಿದಳು. ಮೂಳೆ ಗಟ್ಟಿಯಾಗಲು ವಾರಕ್ಕೊಮ್ಮೆ ನುಂಗುವ ಮಾತ್ರೆ. ಅಕ್ಕ ನೋಡಿಕೊಳ್ಳುತ್ತಿದ್ದಳು, ಇಂಥದ್ದೊಂದು ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಮಾತ್ರೆಯ ಹಾಳೆಯಲ್ಲಿ ಕೆಲವು ಗುಳಿಗಳು ಖಾಲಿಯಾಗಿದ್ದವು. ಯಾವಾಗ ನುಂಗುತ್ತಿದ್ದಾಳೋ, ಎಷ್ಟು ನುಂಗುತ್ತಿದ್ದಾಳೋ. ಡಾಕ್ಟರಿಗೆ ಹೇಳಬೇಕು.

ಮನೆಯ ಫೋನ್ ಹಳೆಯದು, ಗೋಡೆಗೆ ಹೊಡೆದದ್ದು. ಯಾರು ಕರೆದರು ಎಂದು ತೋರಿಸುವ ಪರದೆ ಅದಕ್ಕಿಲ್ಲ. ಎತ್ತಿ ಕಿವಿಗಿಟ್ಟು ನೋಡಿದೆ. ಸುಮ್ಮನೆ ಗುಂಯ್ ಎನ್ನುತ್ತಿತ್ತು.

ಸೆಪ್ಟೆಂಬರ್ 11, ಶುಕ್ರವಾರ

ಡಾಕ್ಟರು ನನ್ನ ವರದಿ ಓದಿದರು. ಅಮ್ಮನ ಜೊತೆಯೂ ಮಾತಾಡಿದರು. ನಡವಳಿಕೆ, ನೆನಪು, ಲೆಕ್ಕ ಎಲ್ಲ ಸರಿ ಇದೆಯಂತೆ. ಈ ಫೋನಿನ ವಿಷಯ ಮಾತ್ರ. "ಇಲ್ಲದ ದನಿ ಕೇಳಿಸುತ್ತದೆ" ಎಂದು ಚೀಟಿಯಲ್ಲಿ ಬರೆದರು. ಹಾಗೆ ಬರೆಸಿಕೊಂಡವರನ್ನು ಆರೈಕೆ ಕೇಂದ್ರದಲ್ಲಿ ಮೇಲಿನ ಮಹಡಿಗೆ ಹಾಕುತ್ತಾರೆ. ಸಂಜೆ ಮಾವನ ಜೊತೆ ಹೋಗಿ ನೋಡಿ ಬಂದೆ. ಶುಚಿಯಾಗಿದೆ. ಕಿಟಕಿ ದೊಡ್ಡದು. ಮೇಲಿನ ಮಹಡಿಯ ಕೋಣೆಗಳ ಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತದೆ. ಸುರಕ್ಷತೆಗಾಗಿ ಎಂದು ಅಲ್ಲಿಯ ನರ್ಸ್ ವಿವರಿಸಿದರು. ನಾನು ಅರ್ಥವಾಯಿತು ಎಂದೆ. ಯಾರಿಗೆ ಯಾವ ಬಾಗಿಲು ತೆರೆಯಬೇಕು ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಮ್ಮನಿಗೆ ಇನ್ನೂ ಹೇಳಿಲ್ಲ.

ಸೆಪ್ಟೆಂಬರ್ 15, ಮಂಗಳವಾರ

ಇವತ್ತು ಒಂದು ವಿಷಯ ಕಣ್ಣಿಗೆ ಬಿತ್ತು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಗ್ರಾಹಕ ಸೇವೆಯ ಸಾಫ್ಟ್‌ವೇರಿನಲ್ಲಿ ಹಳೆಯ ಖಾತೆಗಳನ್ನು ಪರಿಶೀಲಿಸುತ್ತಿದ್ದೆ. ಅಲ್ಲಿ ಅಕ್ಕನ ಹೆಸರಿತ್ತು. ಪಕ್ಕದಲ್ಲಿ ಅವಳ ಫೋಟೋ, ಸೇರಿದ ವರ್ಷದಲ್ಲಿ ತೆಗೆಸಿದ್ದು, ಎರಡು ಜಡೆ ಹಾಕಿಕೊಂಡು ಕ್ಯಾಮೆರಾವನ್ನು ಗದರಿಸುವ ಹಾಗೆ ನೋಡುತ್ತಿರುವುದು. ಅವಳು ಹೋದಾಗ ನಾನು ರಜೆಯಲ್ಲಿದ್ದೆ. ಕಂಪನಿಯಲ್ಲಿ ಅವಳ ಮುಖ್ಯ ಖಾತೆ ಮುಚ್ಚಿದವರು ಗ್ರಾಹಕ ಸೇವೆಯ ಈ ಖಾತೆಯನ್ನು ಮರೆತಿರಬೇಕು. ಹಾಗೆ ಆಗುತ್ತದೆ.

ಕೊನೆಯ ಲಾಗಿನ್: ಇವತ್ತು ಬೆಳಿಗ್ಗೆ.

ಹಿಂದಿನದನ್ನು ನೋಡಿದೆ. ನಿನ್ನೆ ಬೆಳಿಗ್ಗೆ. ಶುಕ್ರವಾರ ಬೆಳಿಗ್ಗೆ. ಡಿಸೆಂಬರಿನಿಂದ ಜುಲೈವರೆಗೆ ಏನೂ ಇಲ್ಲ. ಆಗಸ್ಟ್ ಮೊದಲ ವಾರದಿಂದ, ರಜೆಯ ದಿನ ಬಿಟ್ಟು, ದಿನವೂ. ಕಚೇರಿ ತೆರೆದ ಸ್ವಲ್ಪ ಹೊತ್ತಿಗೆ ಒಳಗೆ ಬರುತ್ತದೆ, ಸಂಜೆ ಹೋಗುತ್ತದೆ. ಅವಳು ಬರುತ್ತಿದ್ದ ಹಾಗೆಯೇ.

ಯಾರೋ ಅವಳ ಪಾಸ್‌ವರ್ಡ್ ಎರವಲು ಪಡೆದಿದ್ದಾರೆ. ಬೇರೆ ಏನಿರುತ್ತದೆ? ಜನ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸುತ್ತಾರೆ.

ಸೆಪ್ಟೆಂಬರ್ 16, ಬುಧವಾರ

ಅಕ್ಕ ಫೋನ್ ಮಾಡಿದ್ದಳು ಎಂದು ಅಮ್ಮ ಇವತ್ತೂ ಹೇಳಿದಳು. ನಾನು ಕೇಳುವ ಮೊದಲೇ ಹೇಳಿದಳು.

ಆಗಸ್ಟ್ ಮೊದಲ ವಾರ. ಅಮ್ಮನಿಗೆ ಶುರುವಾದದ್ದೂ ಆಗಲೇ. ಇದನ್ನು ಡಾಕ್ಟರಿಗೆ ಕೊಡುವ ಪ್ರತಿಯಲ್ಲಿ ಸೇರಿಸುವುದಿಲ್ಲ.

ಸೆಪ್ಟೆಂಬರ್ 17, ಗುರುವಾರ

ಅಕ್ಕನ ಖಾತೆಯನ್ನು ಸಂಜೆ ಮುಚ್ಚಿದೆ. "ಖಚಿತವೇ?" ಎಂದು ಕೇಳಿತು. ಅದು ಎಲ್ಲರ ವಿಷಯದಲ್ಲೂ ಕೇಳುವ ಪ್ರಶ್ನೆ. ಹೌದು ಎಂದು ಒತ್ತಿದೆ. ಫೋಟೋ ಬೂದುಬಣ್ಣಕ್ಕೆ ತಿರುಗಿತು.

ಮನೆಗೆ ನಡೆದೇ ಬಂದೆ.

ಸೆಪ್ಟೆಂಬರ್ 18, ಶುಕ್ರವಾರ

ಬೆಳಿಗ್ಗೆ ತೆರೆದಿತ್ತು. ಫೋಟೋಗೆ ಬಣ್ಣ ಬಂದಿತ್ತು. ನಾನು ಬರುವ ಮೊದಲೇ ಲಾಗಿನ್ ಆಗಿತ್ತು.

ಸೆಪ್ಟೆಂಬರ್ 21, ಸೋಮವಾರ

ಶುಕ್ರವಾರ ಸಂಜೆ ಮತ್ತೆ ಮುಚ್ಚಿದ್ದೆ. ಇವತ್ತು ಬೆಳಿಗ್ಗೆ ಮತ್ತೆ ತೆರೆದಿತ್ತು. ನನ್ನನ್ನು ಬಿಟ್ಟರೆ ಅದನ್ನು ತೆರೆಯುವ ಅಧಿಕಾರ ಯಾರಿಗೂ ಇಲ್ಲ. 'ಯಾರು ತೆರೆದರು' ಎಂಬಲ್ಲಿ ಮನುಷ್ಯರ ಹೆಸರಿಲ್ಲ, 'ವ್ಯವಸ್ಥೆ' ಎಂದಷ್ಟೇ ಇದೆ.

ಗಡುವು ಸಾಹೇಬರು ಅನಾಥ ಖಾತೆಗಳು ಎಲ್ಲಿಗೆ ಬಂತು ಎಂದು ಕೇಳಿದರು. ತೆಗೆದು ತೋರಿಸಿದೆ. ಅದರಲ್ಲಿ ಅಕ್ಕನದು ಇಲ್ಲ. ಅವಳ ಖಾತೆ ಅನಾಥವಲ್ಲವಂತೆ. 'ಜೋಡಣೆಯಾಗಿದೆ, ನೌಕರರು ಹಾಲಿ ಸೇವೆಯಲ್ಲಿದ್ದಾರೆ' ಎಂದು ತೋರಿಸುತ್ತದೆ. ಯಾವ ನೌಕರರು ಎಂದು ತಿಳಿಯಬೇಕಾದರೆ ಅದರ ಮೇಲೆ ಒಮ್ಮೆ ಒತ್ತಬೇಕು. ದಿನಕ್ಕೆ ನೂರು ಸಲ ಮಾಡುವ ಕೆಲಸ.

ಒತ್ತಲಿಲ್ಲ. ಟೀ ಕುಡಿದು ಬಂದೆ. ಆಮೇಲೂ ಒತ್ತಲಿಲ್ಲ.

ಅಮ್ಮ ರಾತ್ರಿ ಊಟಕ್ಕೆ ಕೂತಾಗ ನನ್ನ ಮುಖ ನೋಡಿ, "ಏನಾಯ್ತೋ, ದೆವ್ವ ಕಂಡವನ ಹಾಗಿದೀಯ" ಎಂದಳು. ಕೆಲಸ ಜಾಸ್ತಿ ಎಂದೆ. ಮಾವ ಫೋನ್ ಮಾಡಿದ್ದರು. ಕೋಣೆ ಖಾಲಿಯಾಗಿದೆ, ಅಕ್ಟೋಬರ್ ಮೊದಲ ವಾರದೊಳಗೆ ಸಹಿ ಮಾಡಬೇಕಂತೆ.

ಸೆಪ್ಟೆಂಬರ್ 23, ಬುಧವಾರ

ಇವತ್ತು ರಜೆ ಹಾಕಿ ಮನೆಯಲ್ಲಿದ್ದೆ. ಮೈ ಸರಿ ಇಲ್ಲ ಎಂದು ಅಮ್ಮನಿಗೆ ಹೇಳಿದೆ. ಅವಳು ಹಣೆ ಮುಟ್ಟಿ ನೋಡಿದಳು, ನಂಬಲಿಲ್ಲ.

ಅಮ್ಮ ಎದ್ದು ತಲೆ ಬಾಚಿಕೊಂಡು, ಒಗೆದ ಸೀರೆ ಉಟ್ಟು, ಒಂದು ಲೋಟ ನೀರಿನ ಜೊತೆ ಮಾತ್ರೆ ನುಂಗಿ, ಫೋನಿನ ಪಕ್ಕದ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಯಾರಾದರೂ ಮನೆಗೆ ಬರುತ್ತಾರೆ ಎಂದರೆ ಕೂರುವ ಹಾಗೆ. ನಾನು ಪೇಪರ್ ಹಿಡಿದು ಎದುರಿಗೆ ಕೂತೆ. ಒಂದೇ ಸುದ್ದಿಯನ್ನು ಎಷ್ಟು ಸಲ ಓದಿದೆನೋ ತಿಳಿಯದು.

ಫೋನ್ ಬಂತು.

ಗಂಟೆ ನಿಜವಾಗಿ ಹೊಡೆಯಿತು ಎಂದು ಬರೆಯುತ್ತಿದ್ದೇನೆ. ನನ್ನ ಕಿವಿಯಿಂದಲೇ ಕೇಳಿದೆ. ಅಮ್ಮನ ಕೈ ಏಳುವ ಮೊದಲು ನಾನು ಎತ್ತಿದೆ. ಏನೂ ಮಾತಾಡಲಿಲ್ಲ. ಆ ಕಡೆಯಿಂದ ಹೆಂಗಸಿನ ದನಿ ಅಕ್ಕನ ಹೆಸರು ಹೇಳಿತು.

"ಅಮ್ಮಾ, ನಾನು ಮಾತಾಡ್ತಿದೀನಿ. ಹೇಗಿದೀರಾ? ಮಾತ್ರೆ ನುಂಗಿದ್ರಾ?"

ಬೆನ್ನು ಗೋಡೆಗೆ ತಾಗಿದ್ದು ಆಮೇಲೆ ತಿಳಿಯಿತು. ದನಿ ಅಕ್ಕನದಲ್ಲ. ಆದರೆ ಹೆಸರು ಅವಳದೇ, ಕೇಳಿದ ಪ್ರಶ್ನೆ ಅವಳದೇ. ಹಿಂದೆ ಬೇರೆ ಬೇರೆ ಫೋನುಗಳ ಗಲಾಟೆ ಕೇಳುತ್ತಿತ್ತು, ಯಾರೋ ನಗುತ್ತಿದ್ದರು. ಸತ್ತವರಿರುವ ಜಾಗ ಇಷ್ಟು ಗದ್ದಲದ್ದಾಗಿರುತ್ತದೆಯೇ ಎಂದು ಒಂದು ಕ್ಷಣ ಅನಿಸಿತು. ಇಷ್ಟು ವಯಸ್ಸಾದ ಮೇಲೆ ನನಗೆ ಹಾಗೆ ಅನಿಸಿತು.

ಅಮ್ಮ ನನ್ನ ಕೈಯಿಂದ ಫೋನ್ ತೆಗೆದುಕೊಂಡು, "ನುಂಗಿದೆ ಕಣೆ, ನೆಟ್ಟಗೇ ಕೂತಿದೀನಿ. ಇವನು ಇವತ್ತು ಮನೇಲಿದ್ದಾನೆ, ಮೈಗಳ್ಳ" ಎಂದಳು.

ಅವರು ಬಹಳ ಹೊತ್ತು ಮಾತಾಡಿದರು. ನಾನು ಅಡುಗೆಮನೆಯಲ್ಲಿ ನಿಂತಿದ್ದೆ. ಹಿಂದೆ ಕೇಳಿದ ಆ ಗಲಾಟೆ ನನಗೆ ಗೊತ್ತಿದ್ದದ್ದೇ. ಅದು ನಮ್ಮ ಗ್ರಾಹಕ ಸೇವೆ.

ಸೆಪ್ಟೆಂಬರ್ 24, ಗುರುವಾರ

ರಸ್ತೆ ದಾಟಿ ಹೋದೆ. ಅಕ್ಕನ ಮೇಜು ಅದೇ, ಅಂಚಿನಲ್ಲಿ ಅವಳ ಟೀ ಲೋಟದ ಸುತ್ತು ಕಲೆ ಹಾಗೇ ಇದೆ. ಅಲ್ಲಿ ಒಬ್ಬಳು ಹೊಸ ಹುಡುಗಿ ಕೂತಿದ್ದಳು. ಆಗಸ್ಟಿನಲ್ಲಿ ಸೇರಿದವಳು. ಕೊರಳಿನ ಗುರುತಿನ ಚೀಟಿಯಲ್ಲಿ ಅಕ್ಕನ ಹೆಸರೇ, ಅದೇ ಇನಿಷಿಯಲ್. ಅಪರೂಪದ ಹೆಸರೇನಲ್ಲ. ಅಂಥವರು ಊರಿಗೆ ನಾಲ್ವರು ಸಿಗುತ್ತಾರೆ.

ಖಾತೆಗಳ ವಿಭಾಗದವನು ಎಂದು ಹೇಳಿಕೊಂಡೆ. ಪಾಸ್‌ವರ್ಡ್ ತಪ್ಪಾಯಿತೇನೋ ಎಂದು ಹೆದರಿ ಎದ್ದು ನಿಂತಳು. ಬುಧವಾರ ಬೆಳಿಗ್ಗೆ ವಯಸ್ಸಾದವರೊಬ್ಬರಿಗೆ ಫೋನ್ ಮಾಡುತ್ತೀರಲ್ಲ, ಅವರು ಯಾರು ಎಂದು ಕೇಳಿದೆ.

"ಅಮ್ಮಾನಾ? ನಮ್ಮ ಗ್ರಾಹಕರು ಸರ್. ಕ್ಯಾಲೆಂಡರಲ್ಲಿ ಇದಾರಲ್ಲ."

ತೋರಿಸಿದಳು. ಈ ವಿಭಾಗದಲ್ಲಿ ಒಂದು ಪದ್ಧತಿ ಇದೆ. ರೋಗಿಯ ಹೆಸರು ಪರದೆಯ ಮೇಲೆ ಹೋಗಿಬರುವವರಿಗೆ ಕಾಣಬಾರದು ಎಂದು ಅಡ್ಡಹೆಸರು ಇಟ್ಟು ಬರೆಯುತ್ತಾರೆ. ಗಾಲಿಕುರ್ಚಿ ತಾತ. ಕೆಮ್ಮಿನ ಮೇಷ್ಟ್ರು. ಮೂರನೇ ಮಹಡಿ ಅಜ್ಜಿ. ಪಕ್ಕದಲ್ಲಿ ನಂಬರು, ಏನು ಕೇಳಬೇಕು ಎಂಬ ಒಂದು ಸಾಲು. ಎಲ್ಲವೂ ಅಕ್ಕ ಬರೆದಿಟ್ಟವು. ಅವುಗಳ ನಡುವೆ, ಪ್ರತಿ ಬುಧವಾರ, ನಮ್ಮ ಮನೆಯ ನಂಬರಿನ ಜೊತೆ:

'ಅಮ್ಮ. ಮಾತ್ರೆ. ಮಲಗದ ಹಾಗೆ ನೋಡು. ಮಂಡಿ ಕೇಳು. ಜಗಳ ಆಡಬೇಡ.'

"ಜಗಳಗಂಟಿ ಗ್ರಾಹಕರು ಇರಬೇಕು ಅಂತ ಮೊದಮೊದಲು ಹೆದರಿದ್ದೆ ಸರ್" ಎಂದಳು ಹುಡುಗಿ. "ಆದ್ರೆ ಅವರೇ ಎಲ್ಲರಿಗಿಂತ ಚೆನ್ನಾಗಿ ಮಾತಾಡ್ತಾರೆ. ನನ್ನ ಹೆಸರು ಹೇಳಿದ್ ಕೂಡ್ಲೇ ಅತ್ತುಬಿಟ್ರು ಮೊದಲ ಸಲ. ಯಾಕೆ ಅಂತ ಕೇಳಲಿಲ್ಲ ನಾನು. ವಯಸ್ಸಾದವರು ಸುಮಾರು ಜನ ಅಳ್ತಾರೆ."

ನಾನು ಆ ಸಾಲನ್ನೇ ನೋಡುತ್ತಿದ್ದೆ. ಅಕ್ಕ ಅಮ್ಮನ ಜೊತೆ ಜಗಳವಾಡದ ದಿನವಿರಲಿಲ್ಲ. ಆಡಬಾರದು ಎಂದು ವಾರವಾರ ತನಗೆ ತಾನೇ ನೆನಪಿಸಿಕೊಳ್ಳುತ್ತಿದ್ದಳು ಎಂಬುದು ಗೊತ್ತಿರಲಿಲ್ಲ.

ಅವರು ನನ್ನ ತಾಯಿ ಎಂದೆ. ಈ ಹೆಸರಿನ ನನ್ನ ಅಕ್ಕ ಇಲ್ಲಿ ಕೂರುತ್ತಿದ್ದಳು ಎಂದೆ. ಹುಡುಗಿ ಕುರ್ಚಿಯಿಂದ ಸ್ವಲ್ಪ ಸರಿದು ನಿಂತಳು, ಅದು ಬಿಸಿಯಾದ ಹಾಗೆ.

ಸೆಪ್ಟೆಂಬರ್ 25, ಶುಕ್ರವಾರ

ಆದದ್ದು ಇಷ್ಟು. ಕೆಲಸ ಬಿಟ್ಟುಹೋದವರ ಇಮೇಲ್ ವಿಳಾಸ ಆರು ತಿಂಗಳಾದ ಮೇಲೆ ಬೇರೆಯವರಿಗೆ ಕೊಡಲು ಬಿಡುಗಡೆಯಾಗುತ್ತದೆ. ಆಗಸ್ಟಿನಲ್ಲಿ ಅದೇ ಹೆಸರಿನ ಹುಡುಗಿ ಬಂದಾಗ ಅದೇ ವಿಳಾಸ ಅವಳಿಗೆ ಸಿಕ್ಕಿತು. ಹಳೆಯ ಖಾತೆಗಳನ್ನು ಮನುಷ್ಯರಿಗೆ ಜೋಡಿಸುವಾಗ ಇಮೇಲ್ ವಿಳಾಸ ನೋಡಿ ಜೋಡಿಸಬೇಕು ಎಂದು ವ್ಯವಸ್ಥೆಗೆ ಹೇಳಿಕೊಟ್ಟಿದ್ದೆವು. ಅದು ಹೇಳಿದ ಹಾಗೆ ಕೇಳಿತು. ಹುಡುಗಿ ಬೆಳಿಗ್ಗೆ ತನ್ನ ಹೆಸರಿನಿಂದ ಒಳಗೆ ಬಂದರೆ ಅಕ್ಕನ ಕೋಣೆಗೆ ಹೋಗಿ ಕೂರುತ್ತಿದ್ದಳು. ನಾನು ಸಂಜೆ ಮುಚ್ಚಿದ್ದನ್ನು ಬೆಳಿಗ್ಗೆ ವ್ಯವಸ್ಥೆಯೇ ತೆರೆಯುತ್ತಿತ್ತು, ಬದುಕಿರುವ ನೌಕರರ ಖಾತೆ ಮುಚ್ಚಿದೆ ಎಂದುಕೊಂಡು.

ವಿಳಾಸ ನೋಡಿ ಜೋಡಿಸು ಎಂಬ ನಿಯಮ ಬರೆದವನೂ ನಾನೇ. ಇನ್ನು ನೌಕರ ಸಂಖ್ಯೆ ನೋಡಿ ಜೋಡಿಸುವಂತೆ ಬದಲಿಸಿದ್ದೇನೆ. ಗಡುವು ಸಾಹೇಬರು ವರದಿ ಓದಿ, ಐದನೇ ತಾರೀಕಿಗೆ ತೊಂದರೆ ಇಲ್ಲವಲ್ಲ ಎಂದರು. ಇಲ್ಲ ಎಂದೆ.

ಹುಡುಗಿಗೆ ಹೊಸ ಖಾತೆ ಮಾಡಿಕೊಟ್ಟೆ. ತಾತ, ಮೇಷ್ಟ್ರು, ಅಜ್ಜಿ ಎಲ್ಲರನ್ನೂ ಅದಕ್ಕೆ ಸಾಗಿಸಿದೆ. ಅಮ್ಮನನ್ನು ಸಾಗಿಸಲಿಲ್ಲ. ಗ್ರಾಹಕರಲ್ಲ. ಹುಡುಗಿ ಬೆರಳು ಹಿಸುಕಿಕೊಳ್ಳುತ್ತ ನಿಂತಿದ್ದಳು.

"ನಾನು ಮಾಡ್ತೀನಿ ಸರ್, ಬುಧವಾರ ಒಂದು ಐದು ನಿಮಿಷ. ಇಲ್ಲಾಂದ್ರೆ ಇನ್ಯಾರು ಮಾಡ್ತಾರೆ?"

ಬೇಡ ಎಂದೆ. ಇನ್ನೊಬ್ಬರ ಹೆಸರಿನಲ್ಲಿ ನಡೆಯುವ ಕೆಲಸ ಸರಿಯಲ್ಲ ಎಂದೂ ಹೇಳಿದೆ. ಅವಳು ತನ್ನದೇ ಹೆಸರಿನಲ್ಲಿ ಮಾಡುತ್ತಿದ್ದಳು ಎಂಬುದು ಮೆಟ್ಟಿಲಿಳಿಯುವಾಗ ಹೊಳೆಯಿತು.

ಅಕ್ಕನ ಖಾತೆ ಮುಚ್ಚಿದೆ. ಸಂಜೆಯವರೆಗೂ ಕಾದು ನೋಡಿದೆ. ಮತ್ತೆ ತೆರೆಯಲಿಲ್ಲ.

ಸೆಪ್ಟೆಂಬರ್ 28, ಸೋಮವಾರ

ಅಮ್ಮನಿಗೆ ನಿನ್ನೆ ಎಲ್ಲ ಹೇಳಿದೆ. ಆದಷ್ಟು ಸರಳವಾಗಿ ಹೇಳಿದೆ. ಬಟ್ಟೆ ಮಡಿಸುತ್ತ ಕೇಳಿಸಿಕೊಂಡಳು.

"ಸರಿ ಬಿಡು. ಆ ಹುಡುಗಿಗೂ ಒಬ್ಬಳು ಅಮ್ಮ ಇರ್ತಾಳೆ. ಅವಳಿಗೆ ಮಾಡೋ ಹೊತ್ತಲ್ಲಿ ನನಗೆ ಮಾಡಿದ್ದಾಳೆ, ಪಾಪ." ಇನ್ನೊಂದು ಸೀರೆ ಮಡಿಸಿಟ್ಟು, "ಮುಂದಿನ ಬುಧವಾರ ಮಾಡಲ್ವಾ ಹಾಗಾದ್ರೆ?" ಎಂದಳು.

ಮಾಡುವುದಿಲ್ಲ ಎಂದೆ.

ಇವತ್ತು ಡಾಕ್ಟರಿಗೂ ಹೇಳಿ ಬಂದೆ. ಫೋನ್ ನಿಜವಾಗಿ ಬರುತ್ತಿತ್ತು ಎಂದು ಕೇಳಿ ಅವರಿಗೆ ಸಮಾಧಾನವಾಯಿತು, ಆದರೆ ಚೀಟಿ ಹರಿಯಲಿಲ್ಲ. ಕರೆ ನಿಂತ ಮೇಲೂ ಮಗಳು ಫೋನ್ ಮಾಡಿದಳು ಎಂದು ಅಮ್ಮ ಹೇಳುತ್ತಾಳೋ ನೋಡಿ ಎಂದರು. ಹೇಳದಿದ್ದರೆ ಮನೆಯಲ್ಲೇ ಇರಬಹುದು. ಹೇಳಿದರೆ ಮೇಲಿನ ಮಹಡಿಯೇ ಸರಿ. ಮಾವನಿಗೂ ಇದು ಒಪ್ಪಿಗೆ.

ಸೆಪ್ಟೆಂಬರ್ 30, ಬುಧವಾರ

ಸಂಜೆ ಬಂದಾಗ ಅಮ್ಮ ಫೋನಿನ ಪಕ್ಕದ ಕುರ್ಚಿಯಲ್ಲೇ ಇದ್ದಳು. ಒಗೆದ ಸೀರೆ. ಮೇಜಿನ ಮೇಲೆ ಲೋಟದ ನೀರು ಹಾಗೇ ಇತ್ತು, ಪಕ್ಕದಲ್ಲಿ ಮಾತ್ರೆ. ಅಕ್ಕನ ಹೆಸರು ಎತ್ತಲಿಲ್ಲ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

ಡಾಕ್ಟರ ಲೆಕ್ಕದಲ್ಲಿ ಇದು ಒಳ್ಳೆಯ ದಿನ.

ಇಂಥ ನಿಶ್ಶಬ್ದ ಈ ಮನೆಯಲ್ಲಿ ಡಿಸೆಂಬರಿನಲ್ಲೂ ಇರಲಿಲ್ಲ. ಫೋನ್ ಎತ್ತಿ ಕಿವಿಗಿಟ್ಟೆ. ಗುಂಯ್ ಎಂದಿತು. ಹಾಗೇ ಬಹಳ ಹೊತ್ತು ಹಿಡಿದುಕೊಂಡಿದ್ದೆ.

ಅಕ್ಟೋಬರ್ 5, ಸೋಮವಾರ

ಬದಲಾವಣೆ ಆಯಿತು. ಬೆಳಿಗ್ಗೆಯಿಂದ ಸಂಜೆವರೆಗೆ ಇಡೀ ಕಂಪನಿ ನನ್ನ ಮೇಜಿನ ಮುಂದಿತ್ತು. ಒಂದೇ ಪಾಸ್‌ವರ್ಡ್ ಸಾಕು ಎಂಬುದನ್ನು ಜನ ನಂಬುವುದಿಲ್ಲ. ಉಳಿದದ್ದೆಲ್ಲ ಎಲ್ಲಿಗೆ ಹೋಯಿತು ಎಂದು ಗೋದಾಮಿನ ಮೇಲ್ವಿಚಾರಕರು ಮೂರು ಸಲ ಬಂದು ಕೇಳಿದರು. ಮಾತಾಡಿ ಮಾತಾಡಿ ಗಂಟಲು ಕಟ್ಟಿಹೋಗಿದೆ, ದನಿ ನನ್ನದೇ ಅಲ್ಲ ಎನ್ನುವ ಹಾಗಾಗಿದೆ. ಗಡುವು ಸಾಹೇಬರು ಕೈಕುಲುಕಿ, ಮುಂದಿನ ಗಡುವು ಹೇಳಿದರು.

ಮಾವ ಬುಧವಾರ ಸಂಜೆ ಕೇಂದ್ರದ ಕಾಗದ ತರುತ್ತಾರೆ. ಬೇಕಾಗದಿದ್ದರೂ ಕೈಯಲ್ಲಿರಲಿ ಎನ್ನುತ್ತಾರೆ. ಅಮ್ಮ ಈಗಲೂ ಸರಿಯಾಗಿ ಊಟ ಮಾಡುತ್ತಿಲ್ಲ.

ಅಕ್ಟೋಬರ್ 7, ಬುಧವಾರ

ಬೆಳಿಗ್ಗೆ ಕಚೇರಿಯಲ್ಲಿ ಕೂತು ಪರದೆ ತೆರೆದೆ. ಕ್ಯಾಲೆಂಡರಿನಲ್ಲಿ ಒಂದು ಸಾಲು ಎದ್ದು ಬಂತು. 'ಅಮ್ಮ. ಮಾತ್ರೆ. ಮಲಗದ ಹಾಗೆ ನೋಡು. ಮಂಡಿ ಕೇಳು. ಜಗಳ ಆಡಬೇಡ.' ನಾನೇ ಹಾಕಿಕೊಂಡದ್ದು, ನನ್ನ ಖಾತೆಯಲ್ಲಿ. ಯಾವತ್ತು ಹಾಕಿದೆ ಎಂಬುದನ್ನು ಇಲ್ಲಿ ಬರೆಯಲು ಮರೆತಿದ್ದೇನೆ.

ಕಚೇರಿಯಿಂದ ಮನೆಗೆ ಎಂದೂ ಫೋನ್ ಮಾಡಿದವನಲ್ಲ. ಸ್ವಂತ ಕರೆಗಳಿಗೆ ಅವಕಾಶವಿಲ್ಲ. ಮಾಡಿದೆ. ಮೊದಲ ಗಂಟೆಗೇ ಎತ್ತಿದಳು.

"ಅಮ್ಮಾ, ಮಾತ್ರೆ ನುಂಗಿದ್ಯಾ?" ಎಂದೆ. ನಾನು ಯಾರು ಎಂದು ಹೇಳಲಿಲ್ಲ. ಹೇಳಬೇಕು ಎಂಬುದು ಹೊಳೆಯಲೇ ಇಲ್ಲ. ಆ ಕಡೆ ಕುರ್ಚಿ ಕಿರುಗುಟ್ಟಿತು. ಆಮೇಲೆ, ಇಗೋ ಈಗ ನುಂಗುತ್ತೇನೆ ಎಂದಳು. ನೀರು ಕುಡಿದದ್ದು ಕೇಳಿಸಿತು. ಮಂಡಿ ಹೇಗಿದೆ ಎಂದು ಕೇಳಿದೆ. ಆಮೇಲೆ ಅವಳು ಹೇಳುತ್ತ ಹೋದಳು. ನಮ್ಮ ಮನೆಯಲ್ಲಿ ಹಗಲಿಡೀ ಏನೇನು ನಡೆಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನೀರಿನವನ ಕಥೆ, ಎದುರು ಮನೆಯ ಬೆಕ್ಕಿನ ಕಥೆ. ಸಾಹೇಬರು ಎರಡು ಸಲ ಹಾದುಹೋದರು.

ಸಂಜೆ ಮಾವ ಬಂದರು. ಕಾಗದವನ್ನು ಮೇಜಿನ ಮೇಲಿಟ್ಟು, ಪೆನ್ನನ್ನು ಅದರ ಮೇಲಿಟ್ಟು, ಅಮ್ಮನ ಊಟ ತಿಂಡಿ ವಿಚಾರಿಸಿದರು. ಅಮ್ಮ ಚೆನ್ನಾಗಿ ಊಟ ಮಾಡಿದ್ದಳು. ಹೇಳಿ ಸುಮ್ಮನಾಗಬಹುದಿತ್ತು. ನನ್ನ ಕಡೆ ತಿರುಗಿದಳು.

"ನಿಮ್ಮಕ್ಕ ಫೋನ್ ಮಾಡಿದ್ಲು ಇವತ್ತು."

ಮಾವ ನನ್ನನ್ನು ನೋಡಿದರು. ಅಮ್ಮನೂ ನೋಡುತ್ತಿದ್ದಳು. ಅವಳ ಕಣ್ಣಿನಲ್ಲಿ ಏನಿತ್ತು ಎಂದು ನಾನು ಹೇಳಲಾರೆ. ಆಟವಿತ್ತೋ, ಇರಲಿಲ್ಲವೋ.

"ಹೌದು ಮಾವ, ಫೋನ್ ಬಂದಿತ್ತು" ಎಂದೆ. "ಮಾತ್ರೆ ವಿಚಾರಿಸೋದಕ್ಕೆ. ಇನ್ನು ಪ್ರತಿ ಬುಧವಾರ ಬರುತ್ತೆ."

ಯಾರಿಂದ ಎಂದು ಮಾವ ಕೇಳಿದರು. ಕಚೇರಿಯಿಂದ ಎಂದೆ. ಅದರಲ್ಲಿ ಸುಳ್ಳಿಲ್ಲ. ಮಾವ ನನ್ನ ಮುಖ, ಅಮ್ಮನ ಮುಖ ನೋಡಿ, ಇಬ್ಬರನ್ನೂ ಒಂದೇ ಕೋಣೆಗೆ ಸೇರಿಸಬಹುದೇ ಎಂದು ಯೋಚಿಸುವವರ ಹಾಗೆ ಸ್ವಲ್ಪ ಹೊತ್ತು ಕೂತರು. ಆಮೇಲೆ ಕಾಗದ ಮಡಿಸಿ ಜೇಬಿಗಿಟ್ಟುಕೊಂಡು ಹೊರಟರು. ಪೆನ್ನು ಇಲ್ಲೇ ಬಿಟ್ಟಿದ್ದಾರೆ, ಅದರಲ್ಲೇ ಬರೆಯುತ್ತಿದ್ದೇನೆ.

ಬಾಗಿಲು ಹಾಕಿ ಬಂದಾಗ ಅಮ್ಮ ತಟ್ಟೆಗಳನ್ನು ಎತ್ತಿಡುತ್ತಿದ್ದಳು.

"ಗಂಟಲು ಕಟ್ಟಿತ್ತು ಅವಳಿಗೆ, ಪಾಪ. ಬಿಸಿನೀರು ಕುಡಿ ಅಂತ ಹೇಳೋಣ ಅಂದ್ಕೊಂಡೆ, ಮರೆತುಹೋಯ್ತು." ದೀಪ ಆರಿಸುತ್ತ ಅಂದಳು: "ಎಲ್ಲ ವಿಚಾರಿಸಿದ್ಲು. ನಿನ್ನ ವಿಷಯ ಮಾತ್ರ ಒಂದು ಮಾತೂ ಕೇಳಲಿಲ್ಲ. ಬೇಜಾರು ಮಾಡ್ಕೋಬೇಡ."

ಡಾಕ್ಟರ ಪ್ರತಿಗೆ: ಬುಧವಾರ. ಫೋನ್ ಬಂದಿತ್ತು. ಮಾತ್ರೆ ನುಂಗಿದ್ದಾಳೆ, ಊಟ ಮಾಡಿದ್ದಾಳೆ. ಬೇರೆ ವಿಶೇಷವಿಲ್ಲ.

ಬಿಸಿನೀರು ಕುಡಿದೆ.